ಸೀಮೆಸುಣ್ಣದ ಗುಂಡಿಗಳಲ್ಲಿ ಒಬ್ಬ ಡ್ಯೂಕ್

ಇಂಗ್ಲೆಂಡಿನಲ್ಲಿ ಚಿಟ್ಟೆ ನೋಡಲು ಹೊರಡುವವರು ಮೊದಲು ಆಕಾಶ ನೋಡುತ್ತಾರೆ. ನಮ್ಮ ಶಿರಸಿಯ ಕಡೆ ಮಳೆಗಾಲ ಮುಗಿದು ಬಿಸಿಲು ಬಿತ್ತೆಂದರೆ ಸಾಕು, ಅಂಗಳದ ಕರಿಬೇವಿನ ಗಿಡದ ಸುತ್ತ, ತೋಟಕ್ಕಿಳಿಯುವ ದಾರಿಯಲ್ಲಿ, ಹಳ್ಳದ ಬದಿಯ ಹಸಿಮಣ್ಣಿನ ಮೇಲೆ ಚಿಟ್ಟೆಗಳು ತಾವಾಗಿಯೇ ಬಂದು ಸೇರುತ್ತವೆ. ಅವನ್ನು ನೋಡಲೆಂದು ಹೊತ್ತು ಗೊತ್ತುಮಾಡಿಕೊಂಡು ಹೊರಟವರನ್ನು ನಮ್ಮೂರಲ್ಲಿ ನಾನು ಕಂಡಿಲ್ಲ. ಹ್ಯಾಂಪ್‌ಶೈರಿನ ಏಪ್ರಿಲ್ ತಿಂಗಳು ಬೇರೆಯೇ. ಬಿಸಿಲು ಬಂದರೆ ಬಂತು, ಬಾರದಿದ್ದರೆ ಮೂರು ದಿನ ಸೂರ್ಯನ ಸುಳಿವಿಲ್ಲ. ಬಿಸಿಲಿಲ್ಲದ ಹೊತ್ತಿನಲ್ಲಿ ಇದ್ದ ಚಿಟ್ಟೆಯೂ ಹುಲ್ಲಿನ ಬುಡ ಸೇರಿ ಕೂತುಬಿಡುತ್ತದೆ.

ಮಗಳು, ಅಳಿಯ ಅದೇ ಹ್ಯಾಂಪ್‌ಶೈರಿನ ಆಲ್ಟನ್ ಎಂಬ ಊರಿನಲ್ಲಿದ್ದಾರೆ. ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ಹೊರಡುವ ಒಂದು ರೈಲಿಗೆ ಅದೇ ಕೊನೆಯ ನಿಲ್ದಾಣ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಿಯಾದ ಮೇಲೆ ಒಂದು ವಸಂತವನ್ನು ಅವರ ಜೊತೆ ಕಳೆಯಲು ಹೋಗಿದ್ದೆ. ಹೋದ ಹೊಸತರಲ್ಲಿ ಬೆಳಿಗ್ಗೆ ಮಗಳು ಪರದೆ ಸರಿಸಿ ನೋಡಿ, “ಆಯಿ, ಮೋಡ ಇದ್ದು. ಇಂದು ಎಂತೂ ಕಾಣ್ತಿಲ್ಲೆ” ಎಂದು ಹೇಳಿ ಕೆಲಸಕ್ಕೆ ಹೋಗುತ್ತಿದ್ದಳು. ಅವಳು ಹೇಳುತ್ತಿದ್ದುದು ಕಿಟಕಿಯಾಚೆಯ ಗುಡ್ಡದ ನೋಟದ ಮಾತು. ಚಿಟ್ಟೆಯ ವಿಷಯಕ್ಕೂ ಆ ಮಾತು ಅಷ್ಟೇ ನಿಜ ಎಂದು ನನಗೆ ತಿಳಿಸಿದವರು ಪಕ್ಕದ ಮನೆಯ ಯಜಮಾನರು.

ಅವರು ಜೀವಮಾನವಿಡೀ ಅಂಚೆ ಹಂಚಿದವರು. ಮಗಳು ಅಲ್ಲಿನ ರೂಢಿಯಂತೆ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದಳು. ನನಗಿಂತ ಹಿರಿಯರು, ನನಗೆ ಬಾಯಿ ಬರಲಿಲ್ಲ. ಮನಸ್ಸಿನಲ್ಲಿ ಅಂಚೆ ಯಜಮಾನರು ಎಂದೇ ಕರೆದುಕೊಂಡೆ, ಇಲ್ಲಿಯೂ ಹಾಗೇ ಹೇಳುತ್ತೇನೆ. ಹೆಂಡತಿ ತೀರಿಕೊಂಡ ಮೇಲೆ ಅವರು ಎರಡು ಕೆಲಸ ಹಚ್ಚಿಕೊಂಡಿದ್ದರು. ಒಂದು ಹಿತ್ತಲಿನ ತರಕಾರಿ. ಇನ್ನೊಂದು ವಾರಕ್ಕೊಮ್ಮೆ ಊರಾಚೆಯ ಹೊಲಗಳ ನಡುವೆ ಒಂದೇ ಹಾದಿಯಲ್ಲಿ ನಡೆದು ಚಿಟ್ಟೆ ಎಣಿಸುವುದು.

ಬೇಲಿಯ ಈಚೆ ನಾನು ಬಟ್ಟೆ ಒಣಗಿಸುತ್ತಿದ್ದಾಗ ಒಂದು ಹಳದಿ ಚಿಟ್ಟೆ ಹಾದುಹೋಯಿತು. ಇಬ್ಬರೂ ಒಟ್ಟಿಗೆ ಕತ್ತೆತ್ತಿ ನೋಡಿದೆವು. ಅಷ್ಟರಿಂದಲೇ ಮಾತು ಶುರುವಾದದ್ದು. “ಬ್ರಿಮ್‌ಸ್ಟೋನ್. ಹೋದ ಬೇಸಿಗೆಯಲ್ಲಿ ಹುಟ್ಟಿದ್ದು. ಚಳಿಗಾಲ ಪೂರ್ತಿ ಐವಿ ಬಳ್ಳಿಯ ಎಲೆಗಳ ನಡುವೆ ತಾನೂ ಒಂದು ಎಲೆಯಾಗಿ ಕೂತಿತ್ತು” ಎಂದರು. ನಾನು ಪಾಠದಲ್ಲಿ ಹೇಳಿಕೊಟ್ಟದ್ದು ಎರಡು ಮೂರು ವಾರ ಬದುಕುವ ಚಿಟ್ಟೆಗಳ ಕಥೆ. ಹಿಮ ಬೀಳುವ ನಾಡಿನಲ್ಲಿ ರೆಕ್ಕೆ ಬಿಚ್ಚಿದ ಜೀವವೇ ಹೆಚ್ಚೂಕಡಿಮೆ ಒಂದು ವರ್ಷ ಬದುಕುತ್ತದೆಂಬುದು ನನಗೆ ಹೊಸತು. ಅದರ ರೆಕ್ಕೆ ಮಡಿಚಿದಾಗ ಅಂಚಿನ ಚೂಪು, ನಡುವಿನ ನರಗಳು, ಕೆಳಮೈಯ ತಿಳಿಹಸಿರು ಎಲ್ಲವೂ ಎಲೆಯದೇ. ಹೆಣ್ಣು ಬಕ್‌ಥಾರ್ನ್ ಎಂಬ ಪೊದೆಯನ್ನು ಹುಡುಕಿಕೊಂಡು ಹೋಗುತ್ತದೆ, ಎಲೆ ಬಿಚ್ಚುವ ಮೊದಲೇ ಮೊಗ್ಗಿನ ಪಕ್ಕ ಮೊಟ್ಟೆ ಇಡುತ್ತದೆ. ನಮ್ಮಲ್ಲಿ ಎಕ್ಕದ ಗಿಡಕ್ಕೂ ಪ್ಲೇನ್ ಟೈಗರ್ ಚಿಟ್ಟೆಗೂ ಇರುವ ನಂಟೇ ಅಲ್ಲಿ ಬಕ್‌ಥಾರ್ನಿಗೂ ಬ್ರಿಮ್‌ಸ್ಟೋನಿಗೂ.

ಮರುವಾರದಿಂದ ನಾನೂ ಅವರ ಜೊತೆ ಹೊರಟೆ. ಆ ದೇಶದಲ್ಲಿ ನನಗೆ ತುಂಬ ಮೆಚ್ಚಿಕೆಯಾದ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬೇಕು. ಹೊಲ ಯಾರದೇ ಇರಲಿ, ಅದರ ನಡುವೆ ಹಳೆಯ ಕಾಲುದಾರಿ ಇದ್ದರೆ ಅದರಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಉಂಟು. ಮರದ ಕಂಬಕ್ಕೆ ಪಬ್ಲಿಕ್ ಫುಟ್‌ಪಾತ್ ಎಂದು ಹಲಗೆ ಹೊಡೆದಿರುತ್ತಾರೆ. ಗೋಧಿ ಗದ್ದೆಯ ಮಧ್ಯದಲ್ಲೇ ದಾರಿ ಇದ್ದರೂ ರೈತ ಅದನ್ನು ಬಿಟ್ಟುಕೊಡಬೇಕು. ವಯಸ್ಸಾದ ಹೆಂಗಸೊಬ್ಬಳು ಯಾರನ್ನೂ ಕೇಳದೆ ಹೊಲದಿಂದ ಹೊಲಕ್ಕೆ ನಡೆಯಬಹುದಾದ ನಾಡಿನಲ್ಲಿ ಹೂವು, ಹಕ್ಕಿ, ಚಿಟ್ಟೆ ಗುರುತಿಸುವ ಸಾಮಾನ್ಯ ಜನ ಅಷ್ಟು ಮಂದಿ ಇರುವುದಕ್ಕೆ ಈ ಹಕ್ಕೂ ಒಂದು ಕಾರಣ ಎಂದು ನನ್ನ ಖಚಿತ ಅಭಿಪ್ರಾಯ.

ಎಣಿಕೆಗೆ ಕಟ್ಟುನಿಟ್ಟಿನ ಪದ್ಧತಿಯಿದೆ. ಎರ್ನಿ ಪೊಲಾರ್ಡ್ ಎಂಬ ವಿಜ್ಞಾನಿ ಮಾಂಕ್ಸ್ ವುಡ್ ಎಂಬಲ್ಲಿ ರೂಪಿಸಿದ್ದು. 1976ರಿಂದ ಇಡೀ ಬ್ರಿಟನ್ನಿನಲ್ಲಿ ಅದೇ ನಡೆದುಬಂದಿದೆ. ಏಪ್ರಿಲ್ 1ರಿಂದ ಸೆಪ್ಟೆಂಬರ್ ಕೊನೆಯವರೆಗೆ 26 ವಾರ, ವಾರಕ್ಕೊಂದು ನಡಿಗೆ. ಬೆಳಿಗ್ಗೆ 10.45ಕ್ಕೆ ಮೊದಲು ಶುರುಮಾಡುವಂತಿಲ್ಲ, ಮಧ್ಯಾಹ್ನ 3.45ರ ನಂತರ ಎಣಿಸುವಂತಿಲ್ಲ. ಉಷ್ಣಾಂಶ 13 ಡಿಗ್ರಿಗಿಂತ ಕಡಿಮೆ ಇದ್ದರೆ ಹೊರಡುವಂತಿಲ್ಲ. ನಡೆಯುವಾಗ ನಿಮ್ಮ ಎಡಕ್ಕೆ ಎರಡೂವರೆ ಮೀಟರು, ಬಲಕ್ಕೆ ಎರಡೂವರೆ ಮೀಟರು, ಮುಂದೆ ಐದು ಮೀಟರು. ಆ ಚೌಕದೊಳಗೆ ಬಂದದ್ದಷ್ಟೇ ಲೆಕ್ಕಕ್ಕೆ. ಆಚೆ ಎಷ್ಟೇ ಚಂದದ್ದು ಹಾರಿದರೂ ಬರೆಯುವ ಹಾಗಿಲ್ಲ. ಅಂಚೆ ಯಜಮಾನರು ಅದನ್ನು ಅಂಚೆಯ ಶಿಸ್ತಿನಲ್ಲೇ ಪಾಲಿಸುತ್ತಿದ್ದರು. ಇಡೀ ಹಾದಿಯಲ್ಲಿ ಒಂದೂ ಕಾಣದ ದಿನ ಚೀಟಿಯ ಮೇಲೆ ಸೊನ್ನೆ ಬರೆದು ದಿನಾಂಕ ಹಾಕುತ್ತಿದ್ದರು. “ನಾಳೆ ಯಾರಾದರೂ ಕೇಳಿದರೆ, ಅವತ್ತು ನಾನು ಹೋಗಿದ್ದೆ, ಇರಲಿಲ್ಲ ಅಂತ ಹೇಳೋಕೆ ಈ ಸೊನ್ನೆಯೇ ಸಾಕ್ಷಿ” ಎನ್ನುತ್ತಿದ್ದರು.

ಆ ಹಾದಿಯ ಬೇಲಿಸಾಲಿನಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೆ ಆರೆಂಜ್-ಟಿಪ್ ಬಂತು. ಗಂಡಿನ ಬಿಳಿ ರೆಕ್ಕೆಯ ತುದಿಗೆ ಕಿತ್ತಳೆ ಬಣ್ಣ, ಹೆಣ್ಣಿಗೆ ಅದಿಲ್ಲ. ಎರಡಕ್ಕೂ ಹಿಂರೆಕ್ಕೆಯ ಕೆಳಮೈಯಲ್ಲಿ ಹಸಿರು ಮಚ್ಚೆ. ಭೂತಗನ್ನಡಿಯಲ್ಲಿ ನೋಡಿದರೆ ಅಲ್ಲಿ ಹಸಿರೇ ಇಲ್ಲ. ಹಳದಿ ಹುರುಪೆ, ಕಪ್ಪು ಹುರುಪೆ ಒತ್ತೊತ್ತಾಗಿ ಕೂತು ಕಣ್ಣಿಗೆ ಹಸಿರಾಗಿವೆ. ಹೆಣ್ಣು ಗಾರ್ಲಿಕ್ ಮಸ್ಟರ್ಡ್ ಗಿಡದ ಹೂಗೊಂಚಲಿನ ಬಳಿ ಸುಳಿಯುತ್ತಿತ್ತು. ಸಾಸಿವೆಯ ಬಳಗದ ಗಿಡ ಅದು, ಎಲೆ ಉಜ್ಜಿದರೆ ಬೆಳ್ಳುಳ್ಳಿ ವಾಸನೆ. ಚಿಟ್ಟೆ ಹಾರಿಹೋದ ಮೇಲೆ ಯಜಮಾನರು ಹೂವಿನ ತೊಟ್ಟು ತೋರಿಸಿದರು. ರಾಗಿಕಾಳಿಗಿಂತ ಸಪೂರವಾದ, ಉದ್ದುದ್ದ ಗೆರೆಗಳಿರುವ ಒಂದೇ ಒಂದು ಮೊಟ್ಟೆ. ಇಟ್ಟಾಗ ಬೆಳ್ಳಗಿದ್ದದ್ದು ಕೆಲವೇ ದಿನಕ್ಕೆ ಕಿತ್ತಳೆಯಾಗುತ್ತದೆ. ಒಂದು ಗೊಂಚಲಿಗೆ ಒಂದೇ ಮೊಟ್ಟೆ ಯಾಕೆಂದರೆ ಈ ಹುಳು ಎಳೆ ಕಾಯಿ ತಿಂದು ಬೆಳೆಯುವಂಥದ್ದು, ಪಕ್ಕದಲ್ಲಿ ತನ್ನ ಜಾತಿಯ ಇನ್ನೊಂದು ಹುಳು ಸಿಕ್ಕರೆ ಅದನ್ನೂ ತಿನ್ನುತ್ತದೆ. ಅದಕ್ಕೇ ಮೊದಲು ಬಂದ ತಾಯಿ ತನ್ನ ಮೊಟ್ಟೆಯ ಜೊತೆ ಒಂದು ವಾಸನೆ ಬಿಟ್ಟು ಹೋಗುತ್ತದೆ, ಆಮೇಲೆ ಬಂದ ತಾಯಿ ಅದನ್ನು ಗ್ರಹಿಸಿ ಬೇರೆ ಗಿಡಕ್ಕೆ ಹೋಗುತ್ತದೆ. ಇಂಥ ಸಂಗತಿಯನ್ನು ಹಾದಿ ಬದಿಯ ಕಳೆಗಿಡದ ಮೇಲೆ ನೋಡಿದೆ ಎಂದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ಅವತ್ತೇ ರಾತ್ರಿ ಬರೆದು ಕಳಿಸಿದೆ.

ಮೇ ಎರಡನೆಯ ವಾರ ಬಂದಾಗ ಯಜಮಾನರು ತಾವೇ ಬಂದು ಬಾಗಿಲು ತಟ್ಟಿದರು. “ಇದುವರೆಗೆ ನೋಡಿದ್ದು ಊರವರನ್ನು. ನಾಳೆ ಡ್ಯೂಕ್ ನೋಡಲು ಹೋಗೋಣ” ಎಂದರು.

ಡ್ಯೂಕ್ ಆಫ್ ಬರ್ಗಂಡಿ ಎಂದು ಪೂರ್ತಿ ಹೆಸರು. ಹಾಗೆ ಯಾಕೆ ಕರೆದರೆಂದು ಆ ನಾಡಿನ ಚಿಟ್ಟೆ ಪಂಡಿತರಿಗೂ ಗೊತ್ತಿಲ್ಲ. ರೆಕ್ಕೆ ಹರಡಿದರೆ ಸುಮಾರು ಮೂರು ಸೆಂಟಿಮೀಟರ್, ಅಷ್ಟೇ. ಇಡೀ ಯುರೋಪಿನಲ್ಲಿ ರಿಯೊಡಿನಿಡೆ ಕುಟುಂಬಕ್ಕೆ ಸೇರಿದ್ದು ಇದೊಂದೇ. ಆ ಹೆಸರು ಕೇಳಿದ ಕೂಡಲೇ ನನಗೆ ಊರು ನೆನಪಾಯಿತು. ನಮ್ಮ ಬೆಟ್ಟದ ಅಂಚಿನ ನೆರಳಿನಲ್ಲಿ, ವಾಯುವಿಳಂಗದ ಜಾತಿಯ ಪೊದೆಗಳ ಬಳಿ ಎಲೆಯಿಂದ ಎಲೆಗೆ ನೆಗೆದು, ಅರ್ಧ ರೆಕ್ಕೆ ತೆರೆದು ಗಿರಗಿರ ತಿರುಗಿ ಕೂರುವ ಪ್ಲಮ್ ಜೂಡಿಯೂ ಅದೇ ಕುಟುಂಬದ್ದು. ಅಷ್ಟು ದೂರದ ಚಳಿನಾಡಿನಲ್ಲಿ ನಮ್ಮ ಜೂಡಿಯ ನೆಂಟನೊಬ್ಬ ಇದ್ದಾನೆಂದರೆ ನೋಡದೇ ಬರುವುದು ಹೇಗೆ!

ನಾವು ಹೊರಟದ್ದು ನೋರ್ ಹಿಲ್ ಎಂಬ ಗುಡ್ಡಕ್ಕೆ. ದಾರಿಯಲ್ಲಿ ಸೆಲ್‌ಬೋರ್ನ್ ಹಳ್ಳಿ. ಅಲ್ಲಿ ಇಳಿಯದೆ ಮುಂದೆ ಹೋಗುವ ಮಾತೇ ಇರಲಿಲ್ಲ. ಪಾದ್ರಿ ಗಿಲ್ಬರ್ಟ್ ವೈಟ್ ಹುಟ್ಟಿ ಬೆಳೆದು ಸತ್ತ ಊರು ಅದು. ತನ್ನೂರಿನ ಹಕ್ಕಿ, ಎರೆಹುಳು, ಮಳೆ, ಮಣ್ಣಿನ ಬಗ್ಗೆ ಗೆಳೆಯರಿಗೆ ಬರೆದ ಕಾಗದಗಳನ್ನು ಸೇರಿಸಿ ಅವನು 1789ರಲ್ಲಿ ತಂದ ಪುಸ್ತಕ ಇವತ್ತಿಗೂ ಅಚ್ಚಾಗುತ್ತಲೇ ಇದೆ. ನೋಡಲು ಒಂದೇ ಥರ ಇರುವ ಮೂರು ಪುಟ್ಟ ಹಕ್ಕಿಗಳನ್ನು ಹಾಡಿನ ಮೇಲೆ ಬೇರೆ ಬೇರೆ ಜಾತಿ ಎಂದು ಗುರುತಿಸಿದವನು ಅವನು. ಚರ್ಚಿನ ಅಂಗಳದಲ್ಲಿ ಅವನ ಸಮಾಧಿ ಹುಡುಕಿದೆವು. ಮೊಣಕಾಲೆತ್ತರದ ಸಣ್ಣ ಕಲ್ಲು, ಅದರ ಮೇಲೆ ಹೆಸರಿನ ಎರಡು ಮೊದಲಕ್ಷರ, ಸತ್ತ ದಿನ 1793ರ ಜೂನ್ 26. ಬೇರೇನೂ ಇಲ್ಲ. ಅದೇ ಅಂಗಳದಲ್ಲಿ ಬಲು ಹಳೆಯ ಯೂ ಮರದ ಮೊಂಡು. 1990ರ ಜನವರಿಯ ಬಿರುಗಾಳಿಗೆ ಉರುಳಿದ್ದು. ಒಂದೇ ಊರನ್ನು ಜೀವನವಿಡೀ ನೋಡಿದ ಮನುಷ್ಯನೆದುರು ಯಜಮಾನರು ಟೋಪಿ ತೆಗೆದು ನಿಂತರು. ನಾನೂ ಚಪ್ಪಲಿ ಬಿಟ್ಟೆ.

ನೋರ್ ಹಿಲ್ ದೊಡ್ಡ ಬೆಟ್ಟವೇನಲ್ಲ. ಸಮುದ್ರಮಟ್ಟದಿಂದ ಇನ್ನೂರು ಮೀಟರಿಗೆ ತುಸು ಮೇಲೆ. ಎರಡೂ ಕಡೆ ಮಣ್ಣಿನ ಗೋಡೆ ಎದ್ದ ತಗ್ಗುದಾರಿಯಲ್ಲಿ ಏರಿದರೆ ಬೀಚ್ ಮರಗಳು, ಅವು ಮುಗಿಯುತ್ತಲೇ ಬಯಲು. ಬಯಲೆಂದರೆ ಸಪಾಟಲ್ಲ, ಎಲ್ಲಿ ನೋಡಿದರೂ ಗುಂಡಿ, ದಿಬ್ಬ, ಮತ್ತೆ ಗುಂಡಿ. ಮಧ್ಯಯುಗದಲ್ಲಿ ಸೀಮೆಸುಣ್ಣದ ಕಲ್ಲಿಗಾಗಿ ಜನ ಅಗೆದು ಬಿಟ್ಟ ಹೊಂಡಗಳು. ಶತಮಾನಗಳು ಕಳೆದು ಅವುಗಳ ಮೈತುಂಬ ತೆಳ್ಳನೆಯ ಹುಲ್ಲು ಹಬ್ಬಿದೆ, ಹುಲ್ಲಿನ ನಡುವೆ ಹಳದಿ ಗೊಂಚಲಿನ ಕೌಸ್ಲಿಪ್ ಹೂವು. ಎಲ್ಲೆಲ್ಲೋ ಹಾಥಾರ್ನ್ ಪೊದೆ, ಅಲ್ಲಲ್ಲಿ ನೇರಳೆ ಬಣ್ಣದ ಆರ್ಕಿಡ್. ಈಗ ಅದು ಹ್ಯಾಂಪ್‌ಶೈರಿನ ವನ್ಯಜೀವಿ ಟ್ರಸ್ಟಿನ ಕಾಯ್ದಿಟ್ಟ ಜಾಗ.

ನಾವು ತಲುಪುವಷ್ಟರಲ್ಲಿ ಮೋಡ ಮುಚ್ಚಿಕೊಂಡಿತು. ಗಾಳಿ ಚುಚ್ಚುತ್ತಿತ್ತು. ಗುಂಡಿಯೊಂದರೊಳಗೆ ಇಳಿದೆವು, ಅಲ್ಲಿ ಗಾಳಿಯಿಲ್ಲ. ಯಜಮಾನರು ಫ್ಲಾಸ್ಕಿನಿಂದ ಚಹಾ ಬಗ್ಗಿಸಿದರು, ನಾನು ಮಗಳು ಕಟ್ಟಿಕೊಟ್ಟಿದ್ದ ಚಕ್ಕುಲಿ ಬಿಚ್ಚಿದೆ. ಒಣಗಿದ ಹೂವಿನ ತಲೆಯೊಂದರ ಮೇಲೆ ಕಂದು ಚೂರೊಂದು ಅಂಟಿಕೊಂಡಂತಿತ್ತು. ಅದು ಡಿಂಜಿ ಸ್ಕಿಪ್ಪರ್ ಎಂಬ ಚಿಟ್ಟೆ. ಬಿಸಿಲಿಲ್ಲದಾಗ ಪತಂಗದ ಥರ ರೆಕ್ಕೆಯನ್ನು ಬೆನ್ನ ಮೇಲೆ ಇಳಿಬಿಟ್ಟು ಮಲಗುತ್ತದೆ. ಅಂಗೈ ದೂರಕ್ಕೆ ಮುಖ ತಂದರೂ ಅಲುಗಲಿಲ್ಲ. ಹಾರುವ ಸ್ನಾಯು ಬಿಸಿಯಾಗದೆ ಚಿಟ್ಟೆಯ ರೆಕ್ಕೆ ಏಳುವುದಿಲ್ಲ, ಆ ಬಿಸಿಯನ್ನು ಅದು ಹೆಚ್ಚಾಗಿ ಸೂರ್ಯನಿಂದಲೇ ಪಡೆಯಬೇಕು. ಪಾಠದಲ್ಲಿ ಎಷ್ಟೋ ಸಲ ಹೇಳಿದ ಈ ಮಾತು ಕಣ್ಣೆದುರೇ ಇತ್ತು.

ಕಾಯುವ ಹೊತ್ತಿನಲ್ಲಿ ಯಜಮಾನರು ಹೇಳಿದ ಕಥೆಗಳೇ ನನಗೆ ಆ ದಿನದ ದೊಡ್ಡ ಲಾಭ. ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಾನು ದೇವರಕಾಡಿನ ನಾಡಿನವಳು. ಒಂದು ಒಣಸೌದೆಯನ್ನೂ ತರಬಾರದು, ಒಂದು ಎಲೆಯನ್ನೂ ಕೀಳಬಾರದು, ಹಾಗಿದ್ದರೇ ಕಾಡು ಉಳಿಯುತ್ತದೆ ಎಂದು ನಂಬಿ ಬೆಳೆದವಳು. ಅದು ನಮ್ಮ ಮಳೆಕಾಡಿಗೆ ಇವತ್ತಿಗೂ ಸತ್ಯವೇ. “ಈ ಜಾಗವನ್ನು ಹಾಗೇ ಮುಟ್ಟದೆ ಬಿಟ್ಟರೆ ಚಿಟ್ಟೆಗಳಿಗೆ ಒಳ್ಳೆಯದಲ್ಲವೇ?” ಎಂದು ಕೇಳಿದೆ. ಯಜಮಾನರು ಗುಂಡಿಯ ಅಂಚಿನ ಹಾಥಾರ್ನಿನತ್ತ ಕೈ ತೋರಿಸಿದರು. “ಚಳಿಗಾಲದಲ್ಲಿ ನಾವು ಇಪ್ಪತ್ತು ಜನ ಬಂದು ಅದನ್ನು ಕಡಿಯದಿದ್ದರೆ ಕೆಲವೇ ವರ್ಷಕ್ಕೆ ಈ ಹೊಂಡ ಪೂರ್ತಿ ಪೊದೆ. ಪೊದೆ ಮುಚ್ಚಿದರೆ ಕೌಸ್ಲಿಪ್ ಇಲ್ಲ, ಕೌಸ್ಲಿಪ್ ಇಲ್ಲದಿದ್ದರೆ ಡ್ಯೂಕ್ ಇಲ್ಲ” ಎಂದರು.

ಡ್ಯೂಕ್ ಮೂಲತಃ ಕಾಡಿನ ತೆರಪುಗಳ ಚಿಟ್ಟೆ. ಶತಮಾನಗಳ ಕಾಲ ಅಲ್ಲಿನ ಜನ ಹೇಜಲ್ ಗಿಡಗಳನ್ನು ಬುಡದವರೆಗೆ ಕಡಿದು, ಮತ್ತೆ ಚಿಗುರಲು ಬಿಟ್ಟು, ಕೆಲವು ವರ್ಷಕ್ಕೆ ಮತ್ತೆ ಕಡಿಯುತ್ತಿದ್ದರು. ಬೇಲಿಗೆ, ಬುಟ್ಟಿಗೆ, ಒಲೆಗೆ ಬೇಕಾದದ್ದು ಅದರಿಂದಲೇ. ಕಡಿದಲ್ಲಿ ಬೆಳಕು ಬೀಳುತ್ತಿತ್ತು, ಪ್ರಿಮ್‌ರೋಸ್ ಅರಳುತ್ತಿತ್ತು, ಚಿಟ್ಟೆ ಇವತ್ತು ಇಲ್ಲಿ, ಮೂರು ವರ್ಷಕ್ಕೆ ಪಕ್ಕದ ತೆರಪಿನಲ್ಲಿ. ಕಲ್ಲಿದ್ದಲು ಬಂತು, ಗ್ಯಾಸ್ ಬಂತು, ತಂತಿಬೇಲಿ ಬಂತು. ಕಡಿಯುವವರಿಲ್ಲದೆ ಕಾಡು ಕತ್ತಲಾಯಿತು. ಅಲ್ಲಿಂದ ಹೊರಬಿದ್ದ ಡ್ಯೂಕಿಗೆ ಆಸರೆಯಾದದ್ದು ಇಂಥ ಸೀಮೆಸುಣ್ಣದ ಗುಡ್ಡಗಳು. 1953ರಲ್ಲಿ ಮೊಲಗಳಿಗೆ ಮಿಕ್ಸೊಮಟೋಸಿಸ್ ರೋಗ ಬಂದು ಅವು ಲೆಕ್ಕವಿಲ್ಲದಷ್ಟು ಸತ್ತವು. ಹುಲ್ಲು ಮೇಯುವವರಿಲ್ಲದೆ ಗುಡ್ಡಗಳ ಮೇಲೆ ಹುಲ್ಲು ಎದ್ದಿತು, ಪೊದೆ ನುಗ್ಗಿತು. ಸ್ವಲ್ಪ ಪೊದೆ ಡ್ಯೂಕಿಗೆ ಬೇಕು. ಪೂರ್ತಿ ಪೊದೆಯಾದರೆ ಅದೂ ಆಗದು. ಆಡು-ಕುರಿ ಬೋಳಾಗುವಷ್ಟು ಮೇಯ್ದರೂ ಆಗದು. ಅರ್ಧ ಬಿಸಿಲು, ಅರ್ಧ ನೆರಳು, ಅಗಲ ಎಲೆಯ ಸೊಂಪಾದ ಕೌಸ್ಲಿಪ್, ಗಾಳಿಗೆ ಮರೆ. ಇವೆಲ್ಲ ಒಟ್ಟಿಗೆ ಸಿಗುವುದು ಮನುಷ್ಯನ ಕೈಯಾಡುವ ನೆಲದಲ್ಲಿ ಮಾತ್ರ.

ಇನ್ನೊಂದು ಚಿಟ್ಟೆಯ ಕಥೆ ಇದಕ್ಕಿಂತ ಕಟು. ಲಾರ್ಜ್ ಬ್ಲೂ ಎಂಬುದರ ಹುಳು ಕೆಲವು ದಿನ ಥೈಮ್ ಹೂವು ತಿಂದು ನೆಲಕ್ಕೆ ಬೀಳುತ್ತದೆ. ಕೆಂಪಿರುವೆ ಅದನ್ನು ತನ್ನದೇ ಮರಿಯೆಂದು ಗೂಡಿಗೆ ಹೊತ್ತೊಯ್ಯುತ್ತದೆ. ಅಲ್ಲಿ ಅದು ಇರುವೆಯ ಮರಿಗಳನ್ನು ತಿಂದು ಬೆಳೆಯುತ್ತದೆ. ಚಿಟ್ಟೆ ಹಿಡಿಯುವವರ ಕಾಟದಿಂದ ಉಳಿಸಬೇಕೆಂದು ಅದರ ಜಾಗಗಳಿಗೆ ಬೇಲಿ ಹಾಕಿದರು. ಬೇಲಿಯಿಂದ ದನ, ಕುರಿ ಒಳಬರುವುದು ನಿಂತಿತು. ಹುಲ್ಲು ಬೆರಳುದ್ದ ಬೆಳೆಯುತ್ತಲೇ ನೆಲ ತಂಪಾಯಿತು, ಬೇಕಾದ ಜಾತಿಯ ಇರುವೆ ಹೋಗಿ ಬೇರೆ ಇರುವೆ ಬಂತು. 1979ರ ಹೊತ್ತಿಗೆ ಬ್ರಿಟನ್ನಿನಲ್ಲಿ ಲಾರ್ಜ್ ಬ್ಲೂ ಒಂದೂ ಉಳಿಯಲಿಲ್ಲ. ಅದರ ಹಿಂದೆ ವರ್ಷಗಟ್ಟಲೆ ಬಿದ್ದ ಜೆರೆಮಿ ಥಾಮಸ್ ಎಂಬ ವಿಜ್ಞಾನಿ ಇರುವೆಯ ಗುಟ್ಟನ್ನು ಬಿಡಿಸುವಷ್ಟರಲ್ಲಿ ಚಿಟ್ಟೆಯ ಕಾಲ ಮುಗಿದಿತ್ತು. ಆಮೇಲೆ ಸ್ವೀಡನ್ನಿನಿಂದ ಹುಳುಗಳನ್ನು ತಂದು, ಹುಲ್ಲನ್ನು ಮೇಯಿಸಿ, ಮತ್ತೆ ನೆಲೆಗೊಳಿಸಿದರು. ಪ್ರೀತಿಯಿಂದ ಹಾಕಿದ ಬೇಲಿಯೂ ಕೊಲ್ಲಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಕೇಳುತ್ತ ಕೇಳುತ್ತ ನನಗೆ ನಮ್ಮ ಸೊಪ್ಪಿನ ಬೆಟ್ಟ ಕಣ್ಣಿಗೆ ಕಟ್ಟಿತು. ಅಡಿಕೆ ತೋಟದ ಗೊಬ್ಬರಕ್ಕೆ, ಕೊಟ್ಟಿಗೆಗೆ ಹಾಸಲು ವರ್ಷವರ್ಷ ಸೊಪ್ಪು ಕಡಿಯುವ ಜಾಗ. ಅಲ್ಲಿಯೂ ಕಾಡು ಪೂರ್ತಿ ಮುಚ್ಚುವುದಿಲ್ಲ, ಪೂರ್ತಿ ಬೋಳೂ ಆಗುವುದಿಲ್ಲ. ದೇವರಕಾಡಿನಲ್ಲಿ ಕಾಣದ ಎಷ್ಟೋ ಚಿಟ್ಟೆ ನಾನು ಕಂಡದ್ದು ಅಲ್ಲಿಯೇ. ಯಜಮಾನರಿಗೆ ಹೇಳಿದೆ. ಎಷ್ಟು ವರ್ಷಕ್ಕೊಮ್ಮೆ ಕಡಿಯುತ್ತೀರಿ, ಯಾವ ತಿಂಗಳು, ಎಷ್ಟು ಎತ್ತರಕ್ಕೆ ಬಿಡುತ್ತೀರಿ ಎಂದು ಅವರು ಕೇಳಿದ ಪ್ರಶ್ನೆಗಳನ್ನು ನಮ್ಮೂರಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ.

ಬಿಸಿಲು ಬಂದದ್ದು ಒಮ್ಮೆಲೇ. ಮೋಡದ ಅಂಚು ಗುಡ್ಡ ದಾಟಿತು, ಹೊಂಡದ ಬಿಳಿ ಮಣ್ಣು ಕಣ್ಣು ಕುಕ್ಕಿತು. ಅರೆಗಳಿಗೆ ಏನೂ ಆಗಲಿಲ್ಲ. ಆಮೇಲೆ ಒಣಹೂವಿನ ಮೇಲಿದ್ದ ಸ್ಕಿಪ್ಪರ್ ರೆಕ್ಕೆ ಚಪ್ಪಟೆ ಮಾಡಿತು, ನಡುಗಿತು, ಹೋಯಿತು. ಹಾಥಾರ್ನಿನ ಮೇಲೆ ಪಚ್ಚೆ ಹಸಿರಿನ ಗ್ರೀನ್ ಹೇರ್‌ಸ್ಟ್ರೀಕ್ ಚಿಟ್ಟೆ ಕೂತಿತು. ಯಜಮಾನರು ನನ್ನ ತೋಳು ಮುಟ್ಟಿ, “ಅಲ್ಲಿ, ಹುಲ್ಲಿನ ಕುಚ್ಚಿನ ತುದಿ” ಎಂದು ಪಿಸುಗುಟ್ಟಿದರು.

ಕಡುಕಂದು ಮೈ, ಅದರ ಮೇಲೆ ಸಾಲುಸಾಲಾಗಿ ಕಿತ್ತಳೆ ಚೌಕಗಳು. ಮೀಸೆಗಳಿಗೆ ಕಪ್ಪು ಬಿಳಿ ಪಟ್ಟೆ. ರೆಕ್ಕೆ ಮಡಿಚಿದಾಗ ಹಿಂರೆಕ್ಕೆಯ ಕೆಳಗೆ ಎರಡು ಸಾಲು ಬಿಳಿ ಮಚ್ಚೆ. ಗಂಡು. ಮೊಣಕಾಲಿಗಿಂತ ಕೆಳಗಿನ ಹುಲ್ಲಿನ ತುದಿಯಲ್ಲಿ ಕೂತು ಅದು ತನ್ನ ಹೊಂಡವನ್ನು ಕಾಯುತ್ತಿತ್ತು. ಏನೇ ಹಾದುಹೋದರೂ ಅದರ ಮೇಲೆ ಎರಗುತ್ತಿತ್ತು, ತನಗಿಂತ ಎಷ್ಟೋ ದೊಡ್ಡದಾದ ಬ್ರಿಮ್‌ಸ್ಟೋನಿನ ಮೇಲೂ. ಇನ್ನೊಂದು ಗಂಡು ಬಂದಾಗ ಎರಡೂ ಸುರುಳಿ ಸುತ್ತುತ್ತ ಮೇಲೇರಿ, ಕಣ್ಣಿಗೆ ಕಾಣದಂತಾಗಿ, ಮರುಗಳಿಗೆ ಮೊದಲಿನದು ಅದೇ ಹುಲ್ಲಿನ ತುದಿಗೆ ಬಂದು ಕೂತಿತು. ಅದರ ಕಾಲುಗಳನ್ನು ಎಣಿಸಿದೆ. ಗಂಡು ಡ್ಯೂಕ್ ನಡೆಯಲು ಬಳಸುವುದು ನಾಲ್ಕೇ ಕಾಲು, ಹೆಣ್ಣಿಗೆ ಆರೂ ಬೇಕು. ಹೆಣ್ಣು ಮೊಟ್ಟೆಯಿಡುವ ಎಲೆಯನ್ನು ಕಾಲಿನಿಂದಲೇ ರುಚಿ ನೋಡುತ್ತದೆ.

ಹೆಣ್ಣು ಕಾಣುವುದು ಅಪರೂಪ, ಅದು ಮೆರೆಯುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು, ಹೊಂಡದ ನೆರಳಿನ ಬದಿಯಲ್ಲಿ ನೆಲಕ್ಕೆ ತಾಗುವಂತೆ ಹಾರಿ ಬಂತು. ಕೌಸ್ಲಿಪ್ ಎಲೆಯ ಅಂಚಿಗೆ ಇಳಿದು, ಮೇಲೆ ತುಸು ನಡೆದಾಡಿ, ಹೊಟ್ಟೆಯ ತುದಿಯನ್ನು ಬಾಗಿಸಿ ಎಲೆಯಡಿಗೆ ತಂದಿತು. ಹಾರಿಹೋದ ಮೇಲೆ ಯಜಮಾನರು ಜೇಬಿನಿಂದ ದಂತವೈದ್ಯರ ಸಣ್ಣ ಕನ್ನಡಿ ತೆಗೆದರು. ಎಲೆ ಮುಟ್ಟದೆ ಅದನ್ನು ಕೆಳಗೆ ಹಿಡಿದು, ನೆಲದ ಮೇಲೆ ಬೋರಲು ಮಲಗಿ ನೋಡು ಎಂದರು. ಮಲಗಿದೆ. ಕನ್ನಡಿಯಲ್ಲಿ ಎಲೆಯ ಹಿಂಬದಿಯ ಸಣ್ಣ ರೋಮ, ನರ, ನರದ ಪಕ್ಕ ಗಾಜಿನ ಹೊಳಪಿನ ಎರಡು ದುಂಡು ಮೊಟ್ಟೆ. ಪಕ್ಕದ ಗಿಡದಲ್ಲಿ ಹಿಂದಿನ ವಾರದ್ದು. ಚಿಪ್ಪಿನೊಳಗಿನ ಹುಳುವಿನ ಕಪ್ಪು ಕೂದಲು ಹೊರಗಿನಿಂದಲೇ ಕಾಣುತ್ತಿತ್ತು. ಹುಳು ಹೊರಬಂದು ರಾತ್ರಿ ಮಾತ್ರ ಎಲೆ ತಿನ್ನುತ್ತದೆ, ನರಗಳನ್ನು ಬಿಟ್ಟು ನಡುವಿನ ಹಸಿರನ್ನು ತೂತು ತೂತು ಮಾಡುತ್ತದೆ. ಬೇಸಿಗೆ ಮುಗಿಯುವ ಮೊದಲೇ ಹುಲ್ಲಿನ ಬುಡದಲ್ಲಿ ಕೋಶವಾಗಿ, ಹಿಮ, ಮಳೆ, ಕುರಿಗಳ ಗೊರಸು ಎಲ್ಲವನ್ನೂ ದಾಟಿ ಮುಂದಿನ ಮೇ ತಿಂಗಳಿಗೆ ಎದ್ದು ಬರಬೇಕು. ಅದಕ್ಕಾಗಿಯೇ ಕುರಿಗಳನ್ನು ಯಾವಾಗ ಬಿಡಬೇಕು, ಎಷ್ಟು ಬಿಡಬೇಕು ಎಂದು ಅವರು ಅಷ್ಟು ಲೆಕ್ಕ ಹಾಕುವುದು.

ನಾನು ಎದ್ದು ಮಣ್ಣು ಕೊಡವಿಕೊಳ್ಳುವಷ್ಟರಲ್ಲಿ ಮತ್ತೆ ಮೋಡ.

ಇಳಿಯುವಾಗ ಬೀಚ್ ಮರದ ತುದಿಯಲ್ಲಿ ಚಿಫ್‌ಚಾಫ್ ಹಕ್ಕಿ ಕೂಗುತ್ತಿತ್ತು, ಗಿಲ್ಬರ್ಟ್ ವೈಟ್ ಹಾಡಿನಿಂದ ಬೇರ್ಪಡಿಸಿದ ಮೂರರಲ್ಲಿ ಒಂದು. ಯಜಮಾನರು ತಮ್ಮ ಬಾಲ್ಯದ ಹೊಲಗಳ ಬಗ್ಗೆ ಹೇಳುತ್ತ ಬಂದರು. ಅವರ ಮಾತಿನಲ್ಲಿ ಗೊಣಗಾಟವಿರಲಿಲ್ಲ, ಲೆಕ್ಕವಿತ್ತು. 1976ರಿಂದೀಚೆಗೆ ಬ್ರಿಟನ್ನಿನ ಚಿಟ್ಟೆ ಜಾತಿಗಳಲ್ಲಿ ನೂರಕ್ಕೆ 80ರಷ್ಟು ಸಂಖ್ಯೆಯಲ್ಲೋ ಹರವಿನಲ್ಲೋ ಇಳಿದಿವೆ. ಅಷ್ಟು ಖಚಿತವಾಗಿ ಹೇಳಲು ಆ ದೇಶಕ್ಕೆ ಸಾಧ್ಯವಾದದ್ದು ಇವರಂಥ ಸಾವಿರಾರು ಜನ ವಾರವಾರ ಅದೇ ಹಾದಿಯಲ್ಲಿ ನಡೆದು ಸೊನ್ನೆಗಳನ್ನೂ ಬರೆದಿಟ್ಟದ್ದರಿಂದ. ಅಲ್ಲಿರುವುದು ಸುಮಾರು 60 ಜಾತಿ. ನಮ್ಮ ಪಶ್ಚಿಮಘಟ್ಟದಲ್ಲಿ 330ಕ್ಕೂ ಹೆಚ್ಚು. ನಮ್ಮೂರ ಬೆಟ್ಟದಲ್ಲಿ ನಾನು ಚಿಕ್ಕವಳಿದ್ದಾಗ ಎಷ್ಟಿದ್ದವು, ಈಗ ಎಷ್ಟಿವೆ ಎಂದು ಹೇಳುವ ಒಂದು ಚೀಟಿಯೂ ನಮ್ಮಲ್ಲಿಲ್ಲ. ಇದು ನನ್ನನ್ನು ಬಹಳ ಕಾಡಿದೆ. ಊರಿಗೆ ಬಂದ ಮೇಲೆ ಮನೆಯಿಂದ ಸೊಪ್ಪಿನ ಬೆಟ್ಟದ ತುದಿಯವರೆಗಿನ ಹಾದಿಯನ್ನು ನನ್ನ ಹಾದಿ ಎಂದು ಇಟ್ಟುಕೊಂಡಿದ್ದೇನೆ. ಭಾನುವಾರ ಬೆಳಿಗ್ಗೆ ಶಾಲೆಯ ಮಕ್ಕಳು ಮೂವರೋ ನಾಲ್ವರೋ ಜೊತೆಯಾಗುತ್ತಾರೆ. ಜೂಡಿ ಕಂಡ ದಿನ ಅಂಚೆ ಯಜಮಾನರಿಗೆ ಒಂದು ಚಿತ್ರ ಕಳಿಸುತ್ತೇನೆ. ಅವರು ತಮ್ಮ ವಾರದ ಲೆಕ್ಕ ಕಳಿಸುತ್ತಾರೆ.

2020ರಿಂದ ನಮ್ಮ ದೇಶದಲ್ಲೂ ಸೆಪ್ಟೆಂಬರ್ ತಿಂಗಳನ್ನು ಚಿಟ್ಟೆಗಳ ತಿಂಗಳೆಂದು ಆಚರಿಸಿ ಎಣಿಕೆ ಮಾಡುತ್ತಿದ್ದಾರೆ. ಮನೆಯಲ್ಲಿ ಮಕ್ಕಳಿದ್ದರೆ ಸೇರಿಸಿ. ಒಂದು ಹಾದಿ, ಒಂದು ನೋಟ್‌ಬುಕ್ ಸಾಕು. ಇನ್ನು ನಿಮ್ಮ ಮಗನೋ ಮಗಳೋ ಇಂಗ್ಲೆಂಡಿನಲ್ಲಿದ್ದು, ನೀವು ಅಲ್ಲಿಗೆ ಹೋಗುವ ಯೋಚನೆಯಲ್ಲಿದ್ದರೆ, ಮೇ ತಿಂಗಳ ನಡುವಿನ ವಾರಗಳನ್ನು ಆರಿಸಿಕೊಳ್ಳಿ. ಬಿಸಿಲಿರುವ ದಿನ ನೋಡಿ ಆಲ್ಟನ್ನಿಗೆ ರೈಲು ಹತ್ತಿ, ಅಲ್ಲಿಂದ ಸೆಲ್‌ಬೋರ್ನ್ ಕೆಲವೇ ಮೈಲಿ. ಹನ್ನೊಂದು ಗಂಟೆಗೆ ನೋರ್ ಹಿಲ್ ಗುಡ್ಡದ ಮೇಲಿರಿ, ಕಾಲುದಾರಿ ಹಾದುಹೋಗುವ, ಗಾಳಿಗೆ ಮರೆಯಾದ ಹೊಂಡ ಹುಡುಕಿ ಕೂತುಕೊಳ್ಳಿ. ಕಾಲುದಾರಿ ಬಿಟ್ಟು ಹುಲ್ಲಿಗೆ ಇಳಿಯಬೇಡಿ, ಆ ತಿಂಗಳಲ್ಲಿ ಕೌಸ್ಲಿಪ್ ಎಲೆಗಳ ಅಡಿಯಲ್ಲಿ ಮೊಟ್ಟೆಗಳಿರುತ್ತವೆ.